24 ವಾರದ ಬಸುರಿ ತಂಗಿಗೆ ಮೆದುಳಿನ ಉರಿಯೂತ, ಯಾರಿಗಾದ್ರೂ ಅನುಭವ ಇದೆಯಾ?

ಹಾಸನದ ಅಕ್ಕ:
ಮೊದಲು ನಾಲ್ಕು ದಿನ ನಿದ್ದೆ ಇಲ್ಲ. ಆಮೇಲೆ ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕಿದಳು. ಒಂದು ಸಂಜೆ ನನ್ನನ್ನೇ ‘ನೀವ್ಯಾರು?’ ಅಂದಳು. ಅತ್ತೆ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಫಿಟ್ಸ್ ಬಂದ ಮೇಲೆ ಬೆನ್ನಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅಂತೆ. ಸ್ಟೀರಾಯ್ಡ್ ಶುರುವಾಗಿದೆ. ಮಗುವಿಗೆ ಏನೂ ಆಗಲ್ವಾ?

ನರ್ಸಮ್ಮ:
ನಮ್ಮ ದೇಹದ ಪ್ರತಿಕಾಯಗಳೇ ಮೆದುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಹೆಸರು ಸಿಕ್ಕಿದ್ದೇ 2007ರಲ್ಲಿ. ಎಷ್ಟೋ ಜನರನ್ನು ಮೊದಲು ಮನೋರೋಗಿ ಅಂದುಕೊಳ್ಳುತ್ತಾರೆ. ಅಂಡಾಶಯದಲ್ಲಿ ಟೆರಟೋಮಾ ಗೆಡ್ಡೆ ಇದೆಯಾ ನೋಡಿದ್ದಾರಾ, ಕೇಳಿ. ಇದ್ದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಪ್ರತಿಕಾಯ ಮಾಸಿನ ಮೂಲಕ ಮಗುವಿಗೂ ಹೋಗಬಹುದು, ಹಾಗಾಗಿ ಹೆರಿಗೆಗೆ ಮಕ್ಕಳ ಡಾಕ್ಟರ್ ಇರಲಿ. ಸ್ಟೀರಾಯ್ಡ್‌ಗೆ ಸಕ್ಕರೆ ಏರುತ್ತೆ, ನೋಡ್ತಾ ಇರಿ.

ಮೈಸೂರಿನವಳು:
ನನಗೇ ಆಗಿತ್ತು, ಐದನೇ ತಿಂಗಳಲ್ಲಿ. ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್) 5 ದಿನ ಕೊಟ್ಟರು. ಆ ಎರಡು ತಿಂಗಳು ನನಗೆ ಸುಮ್ನೆ ಖಾಲಿ. ಸೀಮಂತದ ಫೋಟೋದಲ್ಲಿ ನಗ್ತಿದ್ದೀನಿ, ನೆನಪೇ ಇಲ್ಲ! ಮಗ 2.4 ಕೆಜಿ ಇದ್ದ, ಈಗ ಯುಕೆಜಿ. ಎಲ್ಲರಿಗೂ ಹೀಗೇ ಆಗುತ್ತೆ ಅನ್ನಲ್ಲ. ಚೇತರಿಕೆ ಮಾತ್ರ ನಿಧಾನ ಅಕ್ಕಾ, ತಿಂಗಳುಗಟ್ಟಲೆ.

ಹಾಸನದ ಅಕ್ಕ:
ನಾಳೆ ಹೊಟ್ಟೆ ಸ್ಕ್ಯಾನ್ ಇದೆ, ಗೆಡ್ಡೆ ವಿಷಯ ಕೇಳ್ತೀನಿ. ಈಗಷ್ಟೇ ‘ಅಕ್ಕಾ, ಉಪ್ಪಿನಕಾಯಿ ತಂದ್ಯಾ?’ ಅಂದಳು.