ಬಾಸ್ ದಿನವಿಡೀ ಮಷಿನ್ ಪಕ್ಕದಲ್ಲೇ ಇದ್ದರೂ ರಿಜೆಕ್ಷನ್ ಇಳೀತಿಲ್ಲ, ಯಾಕೆ?

ಪೀಣ್ಯ_ಟರ್ನಿಂಗ್:
6 ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಲೇತ್, ಎರಡು ಶಿಫ್ಟ್, 14 ಜನರ ಜಾಬ್‌ವರ್ಕ್ ಶಾಪ್. ಈಗ ಓಡ್ತಿರೋದು 30 ಎಂಎಂ ಸ್ಟೀಲ್ ಶಾಫ್ಟ್, ಟಾಲರೆನ್ಸ್ (ಸೈಜಲ್ಲಿ ಒಪ್ಪೋ ವ್ಯತ್ಯಾಸ) ±0.01 ಎಂಎಂ. ಸೈಜ್ ತಪ್ಪಿದರೆ ಬಾಸ್ ತಾವೇ ಬಂದು ಆಫ್‌ಸೆಟ್ (ಟೂಲ್ ಎಷ್ಟು ಸರೀಬೇಕು ಅನ್ನೋ ತಿದ್ದುಪಡಿ) ಹಾಕ್ತಾರೆ. ಆದರೂ ಅಂಡರ್‌ಸೈಜ್ ಪೀಸ್ ನಿಲ್ತಿಲ್ಲ. ಸೂಪರ್‌ವೈಸರ್ ಆಗಿ ಅವರಿಗೆ ಏನಂತ ಹೇಳಲಿ?

ಮೈಕ್ರಾನ್:
ಆಫ್‌ಸೆಟ್ ಪೇಜಿಗೆ ಎರಡು ಕೈ ಬಿದ್ದರೆ ಹೀಗೇ. ಪೀಸ್ 30.012 ಬಂತು ಅಂತ ಆಪರೇಟರ್ -0.012 ಹಾಕಿರ್ತಾನೆ. ಅದೇ ಹಳೇ ಪೀಸ್ ಎತ್ತಿ ಅಳೆದ ಬಾಸ್ ಇನ್ನೊಂದು -0.012 ಹಾಕ್ತಾರೆ. ಮುಂದಿನದು 29.988. ಓವರ್‌ಸೈಜ್ ಆಗಿದ್ದರೆ ಮತ್ತೆ ಕಟ್ ಕೊಡಬಹುದಿತ್ತು, ಇದು ನೇರ ಸ್ಕ್ರ್ಯಾಪ್.

ಪ್ರತಿ ಮಷಿನ್‌ಗೂ ಒಂದು ನೋಟ್‌ಬುಕ್ ಕಟ್ಟಿ: ಸಮಯ, ಟೂಲ್ ನಂಬರ್, ಅಳತೆ, ಎಷ್ಟು ಹಾಕಿದ್ದು, ಯಾರು. ಬರೆಯದೆ ಬಾಸೂ ಹಾಕಬಾರದು. ಸಾಲಾಗಿ ಐದು ಪೀಸ್ ಅಳೆದು, ಸೈಜ್ ಒಂದೇ ಕಡೆ ಸರೀತಿದ್ದರೆ ಮಾತ್ರ ಕೈ ಹಾಕಿ. ಮಷಿನ್ ಕಂಟ್ರೋಲರ್ ಫ್ಯಾನುಕ್ ಕಂಪನಿಯದಾದರೆ ಇನ್ನೊಂದು: ‘+ಇನ್‌ಪುಟ್’ ಬದಲು ‘ಇನ್‌ಪುಟ್’ ಒತ್ತಿದರೆ ಅದುವರೆಗಿನ ವೇರ್ ಆಫ್‌ಸೆಟ್ (ಟೂಲ್ ಸವೆತಕ್ಕೆ ಹಾಕಿದ ತಿದ್ದುಪಡಿ) ಪೂರ್ತಿ ಅಳಿಸಿ ಹೊಸದು ಕೂರುತ್ತೆ. ಅವಸರದಲ್ಲಿ ಬಂದವರು ಮಾಡೋ ತಪ್ಪೇ ಇದು.

ಗೇಜ್‌ರೂಮ್:
ಅಳೆಯೋದು ಯಾವುದರಲ್ಲಿ? 0.02 ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ) ವರ್ನಿಯರ್ ಇಲ್ಲಿ ದಂಡ. 0.001ರ ಮೈಕ್ರೋಮೀಟರ್ ಬೇಕು, 25-50 ರೇಂಜಿನದು. ಶಿಫ್ಟ್ ಶುರುವಿಗೆ 25 ಎಂಎಂ ಸ್ಟ್ಯಾಂಡರ್ಡ್ (ನಿಖರ ಅಳತೆಯ ತುಂಡು) ಇಟ್ಟು ಸೆಟ್ ಮಾಡಿ. ಪೀಸ್ ತಣ್ಣಗಾದ ಮೇಲೇ ಅಳೆಯಿರಿ. 20 ಡಿಗ್ರಿ ಬಿಸಿ ಹೆಚ್ಚಿದ್ದರೆ 30 ಎಂಎಂ ಸ್ಟೀಲ್ ಸುಮಾರು 0.007 ದಪ್ಪ ತೋರಿಸುತ್ತೆ. ಅದನ್ನ ನಂಬಿ ಮೈನಸ್ ಹಾಕಿದರೆ, ಆರಿದ ಮೇಲೆ ಅಂಡರ್‌ಸೈಜ್.

ಶಿಫ್ಟ್‌ಲೀಡ್:
ಬಾಸ್‌ನ ಫ್ಲೋರ್‌ನಿಂದ ಓಡಿಸಬೇಡಿ, ಕೆಲಸ ಬದಲಿಸಿ. ಟೊಯೋಟಾದ ತಾಯಿಚಿ ಓನೊ ನೆಲದ ಮೇಲೆ ಚಾಕ್‌ನಲ್ಲಿ ವೃತ್ತ ಬರೆದು, ಅದರೊಳಗೆ ನಿಂತು ನೋಡು ಅಂತಿದ್ದರು. ಇಲ್ಲಿ ಒಂದು ಮಷಿನ್ ಮುಂದೆ 20 ನಿಮಿಷ ಸಾಕು, ಕೈ ಕಟ್ಟಿಕೊಂಡು. ಜಾ (ಪೀಸ್ ಹಿಡಿಯೋ ದವಡೆ) ಒರೆಸದೆ ಪೀಸ್ ಕಟ್ಟೋದು, ಇನ್ಸರ್ಟ್ (ಟೂಲ್‌ನ ಕತ್ತರಿಸೋ ತುದಿ) ತಿರುಗಿಸಿದ್ದನ್ನ ಯಾರಿಗೂ ಹೇಳದಿರೋದು, ಎಲ್ಲ ಕಣ್ಣಿಗೆ ಬೀಳುತ್ತೆ.

ದಿನಾ 11 ಗಂಟೆಗೆ ರಿಜೆಕ್ಟ್ ಪೀಸ್ ಹಾಕೋ ಕೆಂಪು ಬಿನ್ ಮುಂದೆ ಬಾಸ್, ನೀವು, ಆಪರೇಟರ್ ನಿಂತು ಪೀಸ್‌ಗಳನ್ನ ಕಾರಣದ ಪ್ರಕಾರ ಬೇರೆ ಮಾಡಿ. ಅಲ್ಲಿ ಬೈಗುಳ ಬೇಡ. ಬೈದರೆ ನಾಳೆ ಬಿನ್ ಖಾಲಿ, ಪೀಸ್‌ಗಳು ಚಿಪ್ಸ್ (ಕತ್ತರಿಸಿ ಬಿದ್ದ ಲೋಹದ ಚೂರು) ರಾಶಿಯೊಳಗೆ.

ಪೀಣ್ಯ_ಟರ್ನಿಂಗ್:
ಮೈಕ್ರೋಮೀಟರ್ ಇದೆ, ಆದರೆ ಏರ್ ಹೊಡೆದು ಬಿಸಿಬಿಸಿಯೇ ಅಳೀತೀವಿ. ರಾತ್ರಿ ಶಿಫ್ಟಲ್ಲಿ ಬಾಸ್ ಇರಲ್ಲ, ಆಗ ನೋಟ್‌ಬುಕ್ ನೋಡೋರು ಯಾರು?

ಮೈಕ್ರಾನ್:
ಬೆಳಿಗ್ಗೆ ನೀವೇ. ಎರಡು ವಾರ ಹಗಲು ರಾತ್ರಿಯ ರಿಜೆಕ್ಷನ್ ಬೇರೆಬೇರೆ ಬರೆದಿಡಿ. ರಾತ್ರಿದೇ ಕಮ್ಮಿ ಬಂದರೆ ಬಾಸ್‌ಗೆ ನೀವೇನೂ ಹೇಳೋದು ಬೇಡ, ಪುಸ್ತಕ ಮುಂದಿಡಿ.