ಸಹಾಯ ಬೇಕು: ಲಂಡನ್ನಿನ ಹ್ಯಾಜ್ಲಿಟ್ಸ್ ಹೋಟೆಲಿನಲ್ಲಿ ಉಳಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಲಂಡನ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸೋಹೋದ ಫ್ರಿತ್ ಸ್ಟ್ರೀಟಿನಲ್ಲಿರುವ ಹ್ಯಾಜ್ಲಿಟ್ಸ್‌ನಲ್ಲೇ ಒಂದೆರಡು ರಾತ್ರಿ ಇರಬೇಕು ಅಂತ ಅಪ್ಪನ ಹಟ. 1718ರ ಕಾಲದ ಮನೆಗಳನ್ನೇ ಹೋಟೆಲ್ ಮಾಡಿದ್ದಾರೆ. ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1830ರಲ್ಲಿ ತೀರಿಕೊಂಡದ್ದು ಇಲ್ಲೇ. ರಿಟೈರಾದ ಇಂಗ್ಲಿಷ್ ಮೇಷ್ಟ್ರಿಗೆ ಇಷ್ಟು ಸಾಕಲ್ವಾ!

ಫೋಟೋ ನೋಡಿದರೆ ನನಗೂ ಆಸೆಯಾಗುತ್ತದೆ. ನಾಲ್ಕು ಕಂಬದ ಕೆತ್ತನೆ ಮಂಚ, ಗೋಡೆ ತುಂಬಾ ಹಳೇ ಚಿತ್ರಗಳು, ಪ್ರಾಣಿಯ ಪಂಜದಂಥ ಕಾಲುಗಳಿರುವ ಬಾತ್‌ಟಬ್. ಆದರೆ ಲಿಫ್ಟ್ ಇಲ್ಲ, ನೆಲವೂ ಅಲ್ಲಲ್ಲಿ ವಾಲಿದೆಯಂತೆ. ಅಮ್ಮನಿಗೆ ಮಂಡಿ ನೋವು.

ಮೆಟ್ಟಿಲು ಹತ್ತದೇ ಹೋಗಬಹುದಾದ ರೂಮು ಕೇಳಿದರೆ ಕೊಡುತ್ತಾರಾ? ಆ ಟಬ್ಬಿಗೆ ಹತ್ತಿ ಇಳಿಯುವುದು ಅಮ್ಮನ ಕೈಲಾಗುವುದಿಲ್ಲ. ಶವರ್ ಬೇರೆ ಇರುವ ರೂಮು ಸಿಗುತ್ತದಾ? ರಾನಿ ಸ್ಕಾಟ್ಸ್ ಜಾಝ್ ಕ್ಲಬ್ಬೂ ಅದೇ ಬೀದಿಯಲ್ಲಿದೆ. ರಾತ್ರಿ ಗಲಾಟೆ ಜಾಸ್ತಿಯಾ, ಹಿಂಬದಿ ರೂಮು ಕೇಳಲಾ? ಮೊಟ್ಟೆ ತಿನ್ನದವರಿಗೆ ಬೆಳಗಿನ ತಿಂಡಿಗೆ ಏನಿರುತ್ತದೆ?

ಹೀಥ್ರೂ ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನ್ ರೈಲು ಹಿಡಿದು ಟಾಟೆನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿದರೆ ಹತ್ತಿರ, ಅದು ಗೊತ್ತು. ದಯವಿಟ್ಟು ಬೇರೆ ಹೋಟೆಲ್ ಹೇಳಬೇಡಿ, ಅಪ್ಪ ಒಪ್ಪುವುದಿಲ್ಲ. ಈ ವಾರವೇ ಬುಕ್ ಮಾಡಬೇಕು.