ಊರೊಟ್ಟಿಗೆ ಬಯೋಚಾರ್, ಗೊಬ್ಬರ ಮಾಡಿದವರು ಅನುಭವ ಹೇಳಿ (ಶಿರಸಿ ಕಡೆ)

ಅಡಿಕೆಸಾಲು: ಶಿರಸಿ ಹತ್ರ ನಮ್ಮೂರು, 11 ಮನೆ. ಕರಟ, ಅಡಿಕೆ ಸಿಪ್ಪೆ, ಬೆಟ್ಟದ ಒಣಕಟ್ಟಿಗೆ ಸುಟ್ಟು ಬಯೋಚಾರ್ (ಮಣ್ಣಿಗೆ ಹಾಕೋ ಇದ್ದಿಲು) ಮಾಡಿ ಕೊಟ್ಟಿಗೆ ಗೊಬ್ಬರಕ್ಕೆ ಸೇರಿಸೋದು, ಹೊರಗಿಂದ ಗೊಬ್ಬರ ತರೋದು ಪೂರ್ತಿ ನಿಲ್ಸೋದು ಅಂತ ಮಾತಾಗಿದೆ. ಮಾಡಿದವರು ಹೇಳಿ.

ತೋಟದಮನೆ: ನಂದು ಕೈ ಸುಟ್ಕೊಂಡ ಕಥೆ. ಹಳೇ ಡ್ರಮ್ ಎರಡು 2,400, ವೆಲ್ಡಿಂಗ್ 900, ಆಳು ನಾಲ್ಕು ದಿನಕ್ಕೆ 2,000. ಒಂದು ಡ್ರಮ್ಮಿನ ತಳ ಅದೇ ಬೇಸಿಗೆಲಿ ತೂತು. ಬಂದ ಇದ್ದಿಲನ್ನ ಹಾಗೇ ಪುಡಿ ಮಾಡಿ ಶುಂಠಿ ಮಡಿಗೆ ಹಾಕ್ದೆ, ಜುಲೈಗೆ ಎಲೆ ಪೂರಾ ಹಳದಿ, ಹಾಕದೇ ಬಿಟ್ಟ ಮಡಿ ಹಸಿರು. ಕೊಳೆ ಅಂತ ತಿಳ್ಕೊಂಡು ಔಷಧಿಗೆ ಮತ್ತೆ 1,100. ಇನ್ನು ಆ ಕಡೆ ತಲೆ ಹಾಕಲ್ಲ.

ಸಿದ್ದಾಪುರದವ: ಬರೀ ಇದ್ದಿಲು ಹಾಕಿದ್ರೆ ಹಳದಿ ಆಗ್ದೆ ಇನ್ನೇನಾಗತ್ತೆ? ಮಣ್ಣಲ್ಲಿರೋ ಸಾರಜನಕನ ಅದೇ ಹಿಡ್ಕೊಳ್ಳತ್ತೆ, ಗಿಡಕ್ಕೆ ಸಿಗಲ್ಲ. ಡ್ರಮ್ಮೂ ಬೇಕಿಲ್ಲ. ಮೇಲೆ ಅಗಲ, ತಳ ಸಣ್ಣ, 3 ಅಡಿ ಆಳದ ಹೊಂಡ ತೋಡಿದೆ, ಕೂಲಿ ಇಲ್ಲ, ನಾನೂ ಮಗನೂ. ಕೆಂಡದ ಮೇಲೆ ಬಿಳಿ ಬೂದಿ ಕಾಣಿಸ್ತಿದ್ದ ಹಾಗೇ ಮುಂದಿನ ಪದರ ಹಾಕ್ತಾ ಹೋಗೋದು, ಕೊನೆಗೆ ಮುಳುಗೋ ಅಷ್ಟು ನೀರು. ಒಂದ್ಸಲ ನೀರು ಕಡಿಮೆ ಹೊಯ್ದು ಮಲಗಿದ್ದೆ, ಬೆಳಿಗ್ಗೆ ನೋಡಿದ್ರೆ ಬರೀ ಬೂದಿ. ಸರಿ ಬೆಂದದ್ದು ಗಾಜಿನ ಚೂರಿನ ಹಾಗೆ ಕಿಣಿಕಿಣಿ ಅನ್ನತ್ತೆ, ಬೆರಳಿಗೆ ಜಿಡ್ಡು ಹತ್ತಲ್ಲ. 100 ಕೆಜಿ ಒಣಕಟ್ಟಿಗೆಗೆ 20-25 ಕೆಜಿ ಸಿಕ್ರೆ ಹೆಚ್ಚು. ಗಂಜಲದಲ್ಲಿ 15 ದಿನ ನೆನೆಸಿ, ಹತ್ತು ಬುಟ್ಟಿ ಗೊಬ್ಬರಕ್ಕೆ ಒಂದು ಬುಟ್ಟಿ ಲೆಕ್ಕದಲ್ಲಿ ಗುಂಡಿಗೆ ಹಾಕಿ 3 ತಿಂಗಳು ಬಿಡ್ತೇನೆ. ಮೂರು ವರ್ಷ ಆಯ್ತು, ಮೆಣಸಿನ ಬಳ್ಳಿ ಬಂದು ನೋಡಿ. ತಪ್ಪು ನಿಮ್ದು, ಇದ್ದಿಲಿಂದಲ್ಲ.

ತೋಟದಮನೆ: ನನ್ನ ಶುಂಠಿ ದುಡ್ಡು ನೀವು ಕಟ್ಟಿಕೊಡ್ತೀರಾ ಹಾಗಾದ್ರೆ? ಆಗ ಹೇಳೋರು ಒಬ್ರೂ ಇರ್ಲಿಲ್ಲ.

ಬೆಟ್ಟದಕ್ಕ: ಕಟ್ಟಿಗೆ ಎಲ್ಲಿಂದ ತರ್ತೀರಿ ಅದನ್ನ ಮೊದಲು ಹೇಳಿ. ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ (ತೋಟದವರಿಗೆ ಬಿಟ್ಟ ಕಾಡು) ಬಿಟ್ಟದ್ದು ಸೊಪ್ಪಿಗೆ, ದರಕಿಗೆ (ಉದುರಿದ ಒಣ ಎಲೆ), ಸುಡೋಕಲ್ಲ. ನಮ್ಮೂರಲ್ಲಿ ಇದ್ದಿಲು ಸುಟ್ಟು ಫೋಟೋ ಹಾಕಿದ್ದು ಗಂಡಸರು, ಬಿಸಿಲಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ಹೊತ್ತದ್ದು ನಾವು. ಆ ಕೂಲಿ ಯಾರ ಲೆಕ್ಕದಲ್ಲೂ ಬರ್ಲಿಲ್ಲ. ಎರಡನೇ ವರ್ಷ ನಾವು ಹೋಗ್ಲಿಲ್ಲ, ಗುಂಡಿ ಖಾಲಿ.

ಸಿದ್ದಾಪುರದವ: ಅಕ್ಕಾ, ಬೆಟ್ಟದ್ದು ಒಂದು ಕಡ್ಡಿನೂ ನಾನು ಮುಟ್ಟಿಲ್ಲ. ಬಿದ್ದ ಅಡಿಕೆ ಮರ, ಕರಟ, ಸವರಿದ ಟೊಂಗೆ ಅಷ್ಟೇ. ಸುಮ್ನೆ ಹೇಳ್ಬೇಡಿ.

ಬೆಟ್ಟದಕ್ಕ: ನಿಮಗಲ್ಲ ಹೇಳಿದ್ದು. ಕೇಳಿದವರು ಬೆಟ್ಟದ ಒಣಕಟ್ಟಿಗೆ ಅಂತ ಬರೆದಿದಾರೆ, ಮೇಲೆ ಓದಿ.

ಕುಮಟಾ ಗಜನಿ: ನಮ್ಮದು ಮುರಿದದ್ದು ಇದ್ದಿಲಿಂದ ಅಲ್ಲ, ಸಗಣಿಯಿಂದ. 7 ಮನೆ ಸೇರಿದ್ವಿ, ದನ ಇದ್ದದ್ದು ಎರಡೇ ಮನೇಲಿ. ಸಿಪ್ಪೆ ಕೊಟ್ಟವರೂ ಸಗಣಿ ಕೊಟ್ಟವರೂ ಗೊಬ್ಬರ ಸಮಪಾಲು ಅಂದ್ರು, ದನ ಸಾಕಿದವರು ಹಿಂಡಿ ರೇಟು ಹೇಳಿದ್ರು, ಅಲ್ಲಿಗೆ ಮುಗೀತು. ಇನ್ನೊಂದು, ಪೂರ್ತಿ ನಿಲ್ಲಿಸ್ತೇವೆ ಅಂತೀರಲ್ಲ, ಸಿಪ್ಪೆ ತೋಟಕ್ಕೆ ವಾಪಸ್ ಹೋದ್ರೂ ಅಡಿಕೆ ಲಾರಿ ಹತ್ತಿದ್ಮೇಲೆ ಅದರಲ್ಲಿದ್ದ ಪೊಟ್ಯಾಷ್ ತಿರುಗಿ ಬರತ್ತಾ?

ಅಡಿಕೆಸಾಲು: ದನ ನಮ್ಮಲ್ಲೂ 4 ಮನೇಲಿ ಮಾತ್ರ. ಬೆಟ್ಟದ ಕಟ್ಟಿಗೆ ಕೈಬಿಡ್ತೇವೆ ಅಕ್ಕಾ. ಸಗಣಿ ಲೆಕ್ಕ ತೂಕದಲ್ಲೋ ಬುಟ್ಟಿಲೋ?

ಕುಮಟಾ ಗಜನಿ: ಬುಟ್ಟಿ. ತೂಕಕ್ಕೆ ಹೋದ್ರೆ ಒದ್ದೆ, ಒಣ ಅಂತ ಜಗಳ. ಎಲ್ಲ ಮನೆಗೂ ಒಂದೇ ಬುಟ್ಟಿ ಇಟ್ಕೊಳ್ಳಿ.